ಎಲ್ಲ ಅತಿಥಿಗಳಿಗೂ ಒಂದೇ ಫೋನ್ ನಂಬರ್: 2147483647

ಪ್ರಶ್ನೆ: ಸರ್, ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ, ಅದರಲ್ಲೇ ನಾಲ್ಕು ರೂಮಿನ ಹೋಂಸ್ಟೇ ಇದೆ. ಹೋದ ವರ್ಷ ಪರಿಚಯದ ಹುಡುಗನೊಬ್ಬನ ಕೈಯಲ್ಲಿ ಬುಕಿಂಗ್ ಬರೆದಿಡುವ ಸಾಫ್ಟ್‌ವೇರ್ ಮಾಡಿಸಿದೆವು. ಬಂದವರ ಹೆಸರು, ಊರು, ಮೊಬೈಲ್ ನಂಬರ್, ತಾರೀಖು, ಇಷ್ಟೇ. ಮೊನ್ನೆ ಹಳಬರಿಗೆಲ್ಲ ಒಂದು ಮೆಸೇಜ್ ಹಾಕೋಣ ಎಂದು ಪಟ್ಟಿ ತೆಗೆದರೆ ಎದೆ ಧಸಕ್ ಎಂದಿತು. ಹೆಸರು, ಊರು, ತಾರೀಖು ಎಲ್ಲ ಸರಿ ಇದೆ. ನಂಬರ್ ಮಾತ್ರ ಎಲ್ಲರದೂ 2147483647! ಆ ನಂಬರಿಗೆ ಫೋನ್ ಮಾಡಿಯೂ ನೋಡಿದೆ, ಹೋಗಲಿಲ್ಲ. ಇದು ವೈರಸ್ಸೇ? ಯಾರಾದರೂ ನಂಬರ್ ಕದ್ದು ಇದನ್ನು ತುಂಬಿದ್ದಾರೆಯೇ? ಮಗಳು ದ್ವಿತೀಯ ಪಿಯುಸಿ. ಅವಳು ಎಲ್ಲೋ ಓದಿ, ‘ಅಪ್ಪಾ, ಇದು ಅವಿಭಾಜ್ಯ ಸಂಖ್ಯೆ, 31 ಅವಿಭಾಜ್ಯ ಆಗಿರೋದ್ರಿಂದ ಇದೂ ಅವಿಭಾಜ್ಯ, ಅದಕ್ಕೇ ಕಂಪ್ಯೂಟರ್ ಇದನ್ನ ಆರಿಸಿಕೊಂಡಿದೆ’ ಎನ್ನುತ್ತಾಳೆ. ನಮ್ಮ ಭಾವ ಅಂಕಿ ಕೂಡಿಸಿ, ‘46, ಆಮೇಲೆ 10, ಆಮೇಲೆ 1. ಸೂರ್ಯನ ಸಂಖ್ಯೆ, ಒಳ್ಳೆಯದೇ, ಮುಟ್ಟಬೇಡ’ ಎನ್ನುತ್ತಾರೆ. ಇನ್ನೊಬ್ಬರು 2038ಕ್ಕೆ ಎಲ್ಲ ಕಂಪ್ಯೂಟರ್ ನಿಂತುಹೋಗುತ್ತವೆ, ಅದಕ್ಕೂ ಇದೇ ನಂಬರ್ ಕಾರಣ ಎಂದು ಹೆದರಿಸಿದ್ದಾರೆ. ಯಾರ ಮಾತು ಕೇಳಲಿ? ಹೋದ ನಂಬರ್‌ಗಳು ವಾಪಸ್ ಸಿಗುತ್ತವೆಯೇ?

ಉತ್ತರ: ಇದು ವೈರಸ್ ಅಲ್ಲ, ಕಳ್ಳತನವೂ ಅಲ್ಲ. ಮೊದಲು ಸಮಾಧಾನವಾಗಿ ಒಂದು ಲೋಟ ಕಾಫಿ ಕುಡಿಯಿರಿ, ತೋಟದ್ದೇ ಇದೆಯಲ್ಲ. ನಮ್ಮ ದೇಶದಲ್ಲಿ ಮೊಬೈಲ್ ನಂಬರ್ ಶುರುವಾಗುವುದು 6, 7, 8 ಅಥವಾ 9ರಿಂದ. ಹಾಗಾಗಿ 2ರಿಂದ ಶುರುವಾಗುವ ಇದು ಇಲ್ಲಿನ ಯಾರ ಮೊಬೈಲೂ ಅಲ್ಲ. ಅಮೆರಿಕದ ಡಲ್ಲಾಸ್ ನಗರದ ಏರಿಯಾ ಕೋಡ್ 214. ಅಲ್ಲಿನವರ ಕಣ್ಣಿಗೆ ಇದು ಪಕ್ಕದ ಬೀದಿಯವರ ನಂಬರಿನ ಹಾಗೆ ಕಾಣುತ್ತದೆ. ನಮಗೆ ಆ ಗೊಂದಲವಿಲ್ಲ.

ನಾನು ಹಾಸನದಲ್ಲಿ ಮೂವತ್ತು ವರ್ಷ ಗಣಿತ ಪಾಠ ಮಾಡಿದವನು. ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂದಾಗ ‘ನೀವು ಗಣಿತದವರು, ನಿಮಗೇ ಗೊತ್ತಿರುತ್ತೆ’ ಎಂದು ಅದನ್ನೂ ನನ್ನ ತಲೆಗೆ ಕಟ್ಟಿದರು. ಆಮೇಲೆ ಊರಿನವರ ಕಂಪ್ಯೂಟರ್ ತಾಪತ್ರಯಗಳೆಲ್ಲ ನನ್ನ ಬಾಗಿಲಿಗೇ ಬರತೊಡಗಿದವು. ಇದೇ ಸಂಖ್ಯೆಯನ್ನು ಒಂದು ಸಂಘದ ಸದಸ್ಯರ ಪಟ್ಟಿಯಲ್ಲಿ ನೋಡಿದ್ದೇನೆ, ಒಂದು ಮದುವೆ ಛತ್ರದ ಬುಕಿಂಗ್‌ನಲ್ಲಿ ನೋಡಿದ್ದೇನೆ. ಆ ಛತ್ರದವರು ಪೊಲೀಸ್ ಠಾಣೆಗೆ ಹೊರಟು ನಿಂತಿದ್ದರು.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಅಳತೆ ಪಾತ್ರೆಗಳಿದ್ದರೆ ಇಳಿಸಿಕೊಳ್ಳಿ. ಚಟಾಕು, ಅರೆಪಾವು, ಪಾವು, ಅಚ್ಚೇರು. ಎರಡು ಚಟಾಕಿಗೆ ಒಂದು ಅರೆಪಾವು, ಎರಡು ಅರೆಪಾವಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು. ಸೇರಿಗೆ 16 ಚಟಾಕು. ಈಗ ಈ ನಾಲ್ಕು ಪಾತ್ರೆಗಳನ್ನು ಒಂದೊಂದು ಸಲ ಮಾತ್ರ ತುಂಬಬಹುದು ಎಂದಿಟ್ಟುಕೊಳ್ಳಿ. ಐದು ಚಟಾಕು ಅಕ್ಕಿ ಬೇಕಾದರೆ ಪಾವು ಮತ್ತು ಚಟಾಕು. ಹನ್ನೊಂದು ಬೇಕಾದರೆ ಅಚ್ಚೇರು, ಅರೆಪಾವು, ಚಟಾಕು. ಒಂದರಿಂದ ಹದಿನೈದರವರೆಗೆ ಯಾವುದನ್ನು ಬೇಕಾದರೂ ಅಳೆಯಬಹುದು. ನಾಲ್ಕನ್ನೂ ತುಂಬಿದರೆ 15. ಅಲ್ಲಿಗೆ ಮುಗಿಯಿತು, ಸೇರಿಗೆ ಒಂದು ಚಟಾಕು ಕಮ್ಮಿ. ಹದಿನಾರನೆಯ ಚಟಾಕಿಗೆ ಐದನೆಯ ಪಾತ್ರೆಯೇ ಬೇಕು.

ಕಂಪ್ಯೂಟರ್ ಲೆಕ್ಕ ಇಡುವುದು ಹೀಗೇ. ತುಂಬಿದ ಪಾತ್ರೆ 1, ಖಾಲಿ ಪಾತ್ರೆ 0. ನಿಮ್ಮ ಹುಡುಗ ಮೊಬೈಲ್ ನಂಬರಿಗೆ ಕೊಟ್ಟ ಜಾಗದಲ್ಲಿ 32 ಸ್ಥಾನಗಳಿವೆ. ಅದರಲ್ಲಿ ಒಂದು ಪ್ಲಸ್ಸೋ ಮೈನಸ್ಸೋ ಎಂದು ತಿಳಿಸಲು ಹೋಗುತ್ತದೆ. ಉಳಿದದ್ದು 31 ಪಾತ್ರೆ. ಅಷ್ಟನ್ನೂ ತುಂಬಿದರೆ 2ರ 31ನೇ ಘಾತಕ್ಕೆ ಒಂದು ಕಮ್ಮಿ. ಅಂದರೆ 214 ಕೋಟಿ 74 ಲಕ್ಷ 83 ಸಾವಿರದ 647. ಅದೇ ನಿಮ್ಮ ನಂಬರ್.

ನಮ್ಮ ಅತಿ ಚಿಕ್ಕ ಮೊಬೈಲ್ ನಂಬರ್ ಕೂಡ 600 ಕೋಟಿಯ ಆಸುಪಾಸಿನ ಸಂಖ್ಯೆ. ಹಾಗಾಗಿ ಆ ಜಾಗಕ್ಕೆ ಯಾರೊಬ್ಬರ ನಂಬರೂ ಹಿಡಿಸುವುದಿಲ್ಲ. ನಿಮ್ಮ ಪಟ್ಟಿಯನ್ನು ಒಳಗೆ ಜೋಡಿಸಿಡುವ ಭಾಗಕ್ಕೆ ಡೇಟಾಬೇಸ್ ಎನ್ನುತ್ತಾರೆ. ಹಿಡಿಸದಿದ್ದಾಗ ‘ಆಗಲ್ಲ’ ಎಂದು ಗಲಾಟೆ ಮಾಡುವ ಡೇಟಾಬೇಸ್ ಒಳ್ಳೆಯದು. ಅದಕ್ಕೆ ಸ್ಟ್ರಿಕ್ಟ್ ಮೋಡ್ ಎನ್ನುತ್ತಾರೆ. ಸಡಿಲ ಬಿಟ್ಟಿದ್ದರೆ ಅದು ತುಂಬುವಷ್ಟು ತುಂಬಿಸಿ, ಮಿಕ್ಕಿದ್ದನ್ನು ಚೆಲ್ಲಿ, ಏನೂ ಆಗಿಲ್ಲ ಎಂಬಂತೆ ಮುಂದೆ ಹೋಗುತ್ತದೆ. ನಿಮ್ಮಲ್ಲಿ ಆಗಿದ್ದು ಇದು. ಹುಡುಗನ ಮೇಲೆ ಜಾಸ್ತಿ ಸಿಟ್ಟಾಗಬೇಡಿ. ಪರೀಕ್ಷೆಗೆಂದು 12345 ಎಂದು ಹಾಕಿ ನೋಡಿರುತ್ತಾನೆ, ಸರಿಯಾಗಿಯೇ ಕೂತಿರುತ್ತದೆ.

ಹೋದದ್ದು ಸಿಗುತ್ತದೆಯೇ ಎಂದು ಕೇಳಿದ್ದೀರಿ. ನಿಮ್ಮ ಪಟ್ಟಿಯಿಂದ ಸಿಗುವುದಿಲ್ಲ. ಎಲ್ಲರದೂ ಒಂದೇ ಸಂಖ್ಯೆಯಾದ ಮೇಲೆ ಯಾರದ್ದು ಏನಾಗಿತ್ತು ಎನ್ನುವ ಗುರುತು ಎಲ್ಲೂ ಉಳಿದಿಲ್ಲ. ಆದರೆ ಇದೇ ತಪ್ಪಿನ ಇನ್ನೊಂದು ರೂಪ ಇದೆ. ಅಲ್ಲಿ ಎಲ್ಲವನ್ನೂ ವಾಪಸ್ ಪಡೆಯಬಹುದು. ಆ ಲೆಕ್ಕ ನನಗೆ ಬಹಳ ಇಷ್ಟ, ಹಾಗಾಗಿ ಸ್ವಲ್ಪ ತಾಳ್ಮೆ ಇರಲಿ.

ಕೆಲವು ಪ್ರೋಗ್ರಾಂಗಳು ತುಂಬಿದ ಮೇಲೆ ಚೆಲ್ಲುವುದಿಲ್ಲ, ಹಳೆಯ ಸ್ಕೂಟರ್ ಮೀಟರಿನ ಹಾಗೆ ಸುತ್ತುತ್ತವೆ. ತುದಿ ಮುಟ್ಟಿದ ಕೂಡಲೇ ಮೈನಸ್ 2147483648ಕ್ಕೆ ಜಿಗಿದು, ಅಲ್ಲಿಂದ ಮತ್ತೆ ಮೇಲೇರುತ್ತವೆ. ಒಂದು ಸುತ್ತು ಎಂದರೆ 2ರ 32ನೇ ಘಾತ, 4294967296. ಇದನ್ನು ಸುಮಾರು 429 ಕೋಟಿ ಎನ್ನಿ. 900 ಕೋಟಿ ಎಂಬ ಸಂಖ್ಯೆಯನ್ನು ಅದರಲ್ಲಿ ತುಂಬಿದರೆ ಎರಡು ಸುತ್ತು ಕಳೆದು 410065408 ಉಳಿಯುತ್ತದೆ. ಆಗ ನಿಮ್ಮ ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ವಿಚಿತ್ರ ಸಂಖ್ಯೆ ಕಾಣುತ್ತದೆ, ಕೆಲವು ಮೈನಸ್ಸಿನಲ್ಲಿ. ನೋಡಿದವರು ‘ಎಲ್ಲ ಕೆಟ್ಟುಹೋಗಿದೆ’ ಎಂದು ಅಳಿಸಿಬಿಡುತ್ತಾರೆ. ಅಳಿಸಬಾರದು! ಒಂದು ಸುತ್ತನ್ನೋ ಎರಡು ಸುತ್ತನ್ನೋ ಕೂಡಿಸಿದರೆ ನಿಜವಾದ ನಂಬರ್ ಬರುತ್ತದೆ. ಒಂದೋ ಎರಡೋ ಎಂಬ ಅನುಮಾನಕ್ಕೂ ಜಾಗವಿಲ್ಲ. ಮೊಬೈಲ್ ನಂಬರ್‌ಗಳೆಲ್ಲ 600 ಕೋಟಿಯಿಂದ 1000 ಕೋಟಿಯ ಒಳಗೆ, ಅಂದರೆ 400 ಕೋಟಿಯ ಅಗಲದಲ್ಲಿ ಇವೆ. ಸುತ್ತು 429 ಕೋಟಿಯದು. ಆ ಅಗಲದೊಳಗೆ ಒಂದೇ ಉತ್ತರ ಬೀಳುತ್ತದೆ, ಎರಡು ಬೀಳಲು ಸಾಧ್ಯವೇ ಇಲ್ಲ. ಒಬ್ಬ ವ್ಯಾಪಾರಿಯ ಗಿರಾಕಿ ಪಟ್ಟಿಯನ್ನು ನಾನು ಹೀಗೆ ಒಂದು ಮಧ್ಯಾಹ್ನ ಕೂತು ಸರಿ ಮಾಡಿಕೊಟ್ಟಿದ್ದೆ. ನಿಮ್ಮ ಸಾಫ್ಟ್‌ವೇರ್ ಬೇರೆ ಕಡೆ, ಬಿಲ್ಲಿನಲ್ಲೋ ಮೆಸೇಜ್ ಕಳಿಸುವ ಕಡೆಯೋ, ನಂಬರನ್ನು ಇನ್ನೊಂದು ಸಲ ಬರೆದಿಟ್ಟಿದೆಯೇ ಎಂದು ಹುಡುಗನನ್ನು ಕೇಳಿ. ಅಲ್ಲಿ ಚೆಲ್ಲದೆ ಸುತ್ತಿದ್ದರೆ ನಿಮ್ಮ ಅದೃಷ್ಟ.

ಅದಿಲ್ಲದಿದ್ದರೆ ಹಳೆಯ ದಾರಿಯೇ ಗತಿ. ಅತಿಥಿಗಳು ಸಹಿ ಹಾಕಿದ ರಿಜಿಸ್ಟರ್ ಪುಸ್ತಕ ಇಟ್ಟಿದ್ದೀರಲ್ಲ, ಅದರಿಂದ ತುಂಬಿಸಿ. ನಿಮ್ಮ ಫೋನಿನ ವಾಟ್ಸಾಪ್ ಮಾತುಕತೆಗಳಲ್ಲೂ ಕಾಲ್ ಪಟ್ಟಿಯಲ್ಲೂ ಅರ್ಧಕ್ಕರ್ಧ ಸಿಗಬಹುದು.

ಇನ್ನು ರಿಪೇರಿ. ಮೊದಲು ಈಗಿರುವ ಪಟ್ಟಿಯ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿಸಿ. ಆಮೇಲೆ ಹುಡುಗ ಮೂರರಲ್ಲಿ ಒಂದು ದಾರಿ ಹೇಳಬಹುದು. ‘ಮೈನಸ್ ಸ್ಥಾನ ತೆಗೆದು 32ನ್ನೂ ಬಳಸೋಣ’ ಎಂದರೆ ಒಪ್ಪಬೇಡಿ. ಆಗಲೂ ಮಿತಿ 4294967295, ನಮ್ಮ 600 ಕೋಟಿಗೆ ಸಾಲದು. ನಂಬರ್‌ಗಳೆಲ್ಲ ಆ ಹೊಸ ಸಂಖ್ಯೆಗೆ ಬಂದು ನಿಲ್ಲುತ್ತವೆ, ಅಷ್ಟೇ ವ್ಯತ್ಯಾಸ. ‘64 ಸ್ಥಾನ ಕೊಡೋಣ’ ಎಂದರೆ ಕೆಲಸ ನಡೆಯುತ್ತದೆ. ಅದರ ಮಿತಿ 19 ಅಂಕಿಯದು. ಆದರೆ ಹಾಸನದ ಲ್ಯಾಂಡ್‌ಲೈನ್ ಕೋಡ್ 08172 ಬರೆದರೆ ಮುಂದಿನ ಸೊನ್ನೆ ಹಾರಿಹೋಗಿ 8172 ಆಗುತ್ತದೆ. ಹೊರದೇಶದವರ ಪ್ಲಸ್ ಗುರುತೂ ಹೋಗುತ್ತದೆ. ನನ್ನ ಆಯ್ಕೆ ಮೂರನೆಯದು: ಫೋನ್ ನಂಬರನ್ನು ಹೆಸರು, ಊರಿನ ಹಾಗೆ ಬರಹ ಎಂದೇ ಇಡಿಸಿ. ಇಬ್ಬರು ಅತಿಥಿಗಳ ಫೋನ್ ನಂಬರ್ ಕೂಡಿಸಿ ಮೊತ್ತ ನೋಡುವ ಅಗತ್ಯ ನಿಮಗೆ ಯಾವತ್ತಾದರೂ ಬಂದಿದೆಯೇ? ಕೂಡಿಸಿ ಕಳೆಯುವ ಕೆಲಸವಿಲ್ಲದ ಅಂಕಿಗಳಿಗೆ ಸಂಖ್ಯೆಯ ಜಾಗ ಬೇಡ. ಅದರಲ್ಲೂ ಒಂದು ತೊಂದರೆ ಇದೆ. ಬರಹ ಎಂದಿಟ್ಟರೆ ಯಾರಾದರೂ ಒಂಬತ್ತು ಅಂಕಿ ಹೊಡೆದರೂ, ‘ನಾಳೆ ಕೊಡ್ತಾರಂತೆ’ ಎಂದು ಬರೆದರೂ ಅದು ಒಪ್ಪಿಕೊಳ್ಳುತ್ತದೆ. ಇಲ್ಲಿನ ಮೊಬೈಲ್ ಆದರೆ ಹತ್ತು ಅಂಕಿ ಇದೆಯೇ ಎಂದು ನೋಡುವ ಒಂದು ಸಾಲು ಸೇರಿಸಲು ಹೇಳಿ. ಸ್ಟ್ರಿಕ್ಟ್ ಮೋಡ್ ಅಂತೂ ಹಾಕಲೇಬೇಕು.

ಎಕ್ಸೆಲ್‌ನಲ್ಲಿ ಲೆಕ್ಕ ಇಡುವವರಿಗೂ ಇದೇ ಮಾತು. ಅದು ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಡುತ್ತದೆ. ಅದಕ್ಕಿಂತ ಉದ್ದದ ಬ್ಯಾಂಕ್ ಖಾತೆ ಸಂಖ್ಯೆ ಹೊಡೆದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಸೊನ್ನೆಯಾಗುತ್ತವೆ.

ಭಾವನವರ ಲೆಕ್ಕಕ್ಕೆ ಬರುತ್ತೇನೆ. ಕೂಡಿಸಿದ್ದು ಸರಿಯಾಗಿದೆ: 46, 10, 1. ಹಾಗೆ ಕೂಡಿಸುತ್ತಾ ಹೋದರೆ ಕೊನೆಗೆ ಉಳಿಯುವುದು 9ರಿಂದ ಭಾಗಿಸಿದಾಗ ಬರುವ ಶೇಷ (ಶೇಷ 0 ಆದರೆ 9). 2147483647ನ್ನು 9ರಿಂದ ಭಾಗಿಸಿದರೆ 1 ಉಳಿಯುತ್ತದೆ, ಅಷ್ಟೇ ಅದರ ಅರ್ಥ. ನಮಗೆ ಹತ್ತು ಬೆರಳಿರುವುದರಿಂದ ಹತ್ತರ ಲೆಕ್ಕ ಬಂತು, ಅದಕ್ಕೇ ಒಂಬತ್ತು ಇಲ್ಲಿ ತಲೆ ಹಾಕುತ್ತದೆ. ಕಂಪ್ಯೂಟರಿನೊಳಗೆ ಇದೇ ಸಂಖ್ಯೆ ಮೂವತ್ತೊಂದು 1ಗಳ ಸಾಲು, ಅಲ್ಲಿ ಅಂಕಿಗಳ ಮೊತ್ತ 31. ಯಾವ ಮೊತ್ತದ ಶಕುನ ನೋಡುವುದು ಎಂದು ಭಾವನವರೇ ಹೇಳಲಿ. ಒಟ್ಟಿನಲ್ಲಿ ‘ಮುಟ್ಟಬೇಡ’ ಎಂಬ ಸಲಹೆ ಪಾಲಿಸಿದರೆ ನಾಳೆ ಬರುವವರ ನಂಬರೂ ಹೋಗುತ್ತದೆ.

2038ರ ಮಾತು ಅರ್ಧ ನಿಜ. ಅನೇಕ ಕಂಪ್ಯೂಟರ್‌ಗಳು ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. 31 ಪಾತ್ರೆಯಲ್ಲಿ ಎಣಿಸುವವುಗಳ ಪಾತ್ರೆ ತುಂಬುವುದು 2038ರ ಜನವರಿ 19ರ ಮಂಗಳವಾರ, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿನಲ್ಲಿ ಅವು 1901ರ ಡಿಸೆಂಬರ್‌ಗೆ ಹೋಗಿಬಿಡುತ್ತವೆ. ಈಗಿನ ಹೊಸ ಕಂಪ್ಯೂಟರ್, ಫೋನ್‌ಗಳು 64 ಸ್ಥಾನದಲ್ಲಿ ಎಣಿಸುವುದರಿಂದ ಅವುಗಳ ಚಿಂತೆ ಬೇಡ. ಗೋಡೆಗೆ ಹೊಡೆದು ಮರೆತುಬಿಟ್ಟ ಹಳೆಯ ಕ್ಯಾಮೆರಾ ಪೆಟ್ಟಿಗೆಗಳಂಥವು ಕೈಕೊಡಬಹುದು. ಪಾತ್ರೆ ಸಾಲದೆ ನಿಜವಾದ ಅನಾಹುತ ಆದದ್ದೂ ಉಂಟು. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಮೇಲೆದ್ದು ಒಂದು ನಿಮಿಷ ಆಗುವ ಮುಂಚೆಯೇ ಸಿಡಿಯಿತು. 16 ಸ್ಥಾನದ ಜಾಗಕ್ಕೆ ಹಿಡಿಸದ ಸಂಖ್ಯೆಯೊಂದನ್ನು ತುರುಕಲು ಹೋದದ್ದು ಕಾರಣ. ಹಾಸನದವರಿಗೆ ಏರಿಯಾನ್ ಹೆಸರು ಹೊಸದಲ್ಲ. ಇಲ್ಲಿನ ಇಸ್ರೋ ಕೇಂದ್ರದಿಂದ ನೋಡಿಕೊಳ್ಳುವ ಇನ್ಸಾಟ್ ಉಪಗ್ರಹಗಳಲ್ಲಿ ಹಲವನ್ನು ಮೇಲಕ್ಕೆ ಒಯ್ದದ್ದು ಅದೇ ಕುಟುಂಬದ ರಾಕೆಟ್‌ಗಳು.

ಈಗ ಮಗಳ ವಿಷಯ. ಅವಳು ಹೇಳಿದ್ದರಲ್ಲಿ ಒಂದು ಸರಿ, ಎರಡು ತಪ್ಪು. 2147483647 ಅವಿಭಾಜ್ಯ ಸಂಖ್ಯೆ ಎನ್ನುವುದು ಸರಿ. 1 ಮತ್ತು ಅದು ಬಿಟ್ಟರೆ ಬೇರೆ ಯಾವುದೂ ಅದನ್ನು ಶೇಷವಿಲ್ಲದೆ ಭಾಗಿಸುವುದಿಲ್ಲ. ಆದರೆ ಕಂಪ್ಯೂಟರ್ ಅದನ್ನು ಆರಿಸಿಕೊಂಡದ್ದು ಆ ಕಾರಣಕ್ಕಲ್ಲ. 8 ಸ್ಥಾನದ ಮಿತಿ 127, ಅದೂ ಅವಿಭಾಜ್ಯವೇ. ಆದರೆ 16 ಸ್ಥಾನದ ಮಿತಿ 32767, ಅದು 7, 31, 151ರ ಗುಣಲಬ್ಧ. 64 ಸ್ಥಾನದ ಮಿತಿ 9223372036854775807ನ್ನು 7ರಿಂದ ಎರಡು ಸಲ ಭಾಗಿಸಬಹುದು. ಇವುಗಳಿಂದಲೂ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತದೆ. 31ರಲ್ಲಿ ಅವಿಭಾಜ್ಯ ಬಂದದ್ದು ಬರೀ ಕಾಕತಾಳೀಯ.

‘31 ಅವಿಭಾಜ್ಯ, ಆದ್ದರಿಂದ ಇದೂ ಅವಿಭಾಜ್ಯ’ ಎನ್ನುವುದು ಇನ್ನೊಂದು ತಪ್ಪು. ನನ್ನ ವಿದ್ಯಾರ್ಥಿಗಳಲ್ಲಿ ಜಾಣರೇ ಹೆಚ್ಚಾಗಿ ಇದನ್ನು ಮಾಡುತ್ತಿದ್ದರು. 11 ಅವಿಭಾಜ್ಯ. 2ರ 11ನೇ ಘಾತಕ್ಕೆ ಒಂದು ಕಮ್ಮಿ 2047, ಅದು 23 ಗುಣಿಸು 89. ಮೇಲಿನದು ಅವಿಭಾಜ್ಯ ಆಗಬೇಕಾದರೆ ಘಾತ ಅವಿಭಾಜ್ಯ ಆಗಿರಲೇಬೇಕು, ನಿಜ. ಆದರೆ ಅಷ್ಟೇ ಸಾಲದು. ಇಟಲಿಯ ಕತಾಲ್ಡಿ ಎಂಬಾತ 1588ರಲ್ಲಿ 17 ಮತ್ತು 19ನೇ ಘಾತದ್ದನ್ನು ಸರಿಯಾಗಿ ಸಾಧಿಸಿ, ಅದೇ ಹುರುಪಿನಲ್ಲಿ 23, 29, 31, 37ಕ್ಕೂ ಅವಿಭಾಜ್ಯ ಬರುತ್ತದೆ ಎಂದುಬಿಟ್ಟ. ಈ ನಾಲ್ಕರಲ್ಲಿ ನಿಜವಾದದ್ದು 31 ಒಂದೇ.

ಹಾಗಾದರೆ ಹತ್ತಂಕಿಯ ಸಂಖ್ಯೆ ಅವಿಭಾಜ್ಯ ಎಂದು ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಹೇಗೆ ತಿಳಿದರು? ಅದರ ವರ್ಗಮೂಲ 46341ಕ್ಕೆ ಕೂದಲೆಳೆಯಷ್ಟು ಕಮ್ಮಿ. ಭಾಜಕ ಇದ್ದರೆ ಒಂದಾದರೂ 46340ರ ಒಳಗೆ ಸಿಗಲೇಬೇಕು. ಬೆಸ ಸಂಖ್ಯೆಗಳನ್ನೆಲ್ಲ ಪರೀಕ್ಷಿಸಲು ಹೋದರೆ 23,169 ಭಾಗಾಕಾರ. ಬರೆದು ಬರೆದು ಬೆರಳು ಸವೆಯುತ್ತದೆ. ಇದನ್ನು ಬಿಡಿಸಿದವನು ಸ್ವಿಟ್ಜರ್ಲೆಂಡ್ ಮೂಲದ ಗಣಿತಜ್ಞ ಆಯ್ಲರ್, 1772ರಲ್ಲಿ. ಆಗ ಅವನಿಗೆ ಅರವತ್ತೈದರ ಆಸುಪಾಸು, ಎರಡೂ ಕಣ್ಣು ಬಹುತೇಕ ಹೋಗಿತ್ತು.

ಅವನ ಯುಕ್ತಿ ಮಗಳಿಗೆ ಅರ್ಥವಾಗುವಂಥದ್ದೇ. 2, 4, 8, 16 ಹೀಗೆ ದ್ವಿಗುಣ ಮಾಡುತ್ತಾ, ಒಂದೊಂದನ್ನೂ ಒಂದು ಬೆಸ ಅವಿಭಾಜ್ಯದಿಂದ ಭಾಗಿಸಿ ಶೇಷ ಬರೆಯಲಿ. 7ಕ್ಕೆ ನೋಡಿದರೆ 2, 4, 1, ಮತ್ತೆ 2, 4, 1. ಮೂರು ಹೆಜ್ಜೆಗೆ ಒಂದು ಸುತ್ತು. ಈ ಸುತ್ತಿನ ಉದ್ದ ಯಾವಾಗಲೂ ಆ ಅವಿಭಾಜ್ಯಕ್ಕಿಂತ ಒಂದು ಕಮ್ಮಿ ಇರುವ ಸಂಖ್ಯೆಯನ್ನು ಭಾಗಿಸುತ್ತದೆ. ಇಲ್ಲಿ 3 ಎನ್ನುವುದು 6ನ್ನು ಭಾಗಿಸಿತಲ್ಲ, ಹಾಗೆ. ಇದು ಫ್ರಾನ್ಸಿನ ಗಣಿತಜ್ಞ ಫರ್ಮಾ ಕಂಡ ಸಂಗತಿ. ಈಗ ಯಾವುದಾದರೂ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ 31ನೇ ಹೆಜ್ಜೆಯಲ್ಲಿ ಶೇಷ 1 ಬರಬೇಕು. ಸುತ್ತಿನ ಉದ್ದ 31ನ್ನು ಭಾಗಿಸಬೇಕು. 31 ಅವಿಭಾಜ್ಯ, ಸುತ್ತು 1 ಆಗಲು ಬರುವುದಿಲ್ಲ, ಆದ್ದರಿಂದ ಸುತ್ತು 31 ಆಗಿರಲೇಬೇಕು. ಮಗಳು ಹಿಡಿದ ‘31 ಅವಿಭಾಜ್ಯ’ ಎಂಬ ಎಳೆ ಕೆಲಸಕ್ಕೆ ಬರುವುದು ಇಲ್ಲಿ! ಅಂದರೆ ಭಾಜಕವು 31ರ ಗುಣಕಕ್ಕಿಂತ ಒಂದು ಹೆಚ್ಚು. ಅದು ಬೆಸವೂ ಆಗಿರುವುದರಿಂದ 62ರ ಗುಣಕಕ್ಕಿಂತ ಒಂದು ಹೆಚ್ಚು. ಇನ್ನೊಂದು ನಿಯಮವೂ ಸೇರುತ್ತದೆ: ಅದನ್ನು 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಸಂಖ್ಯೆಗಳನ್ನು ಮಾತ್ರ ನೋಡಿದರೆ ಸಾಕು. 63 ತಾನೇ ಅವಿಭಾಜ್ಯವಲ್ಲ, ಅದನ್ನು ಬಿಟ್ಟರೆ ಉಳಿಯುವುದು 372.

23,169 ಎಲ್ಲಿ, 372 ಎಲ್ಲಿ! ಒಂದಕ್ಕೆ ಐದು ನಿಮಿಷ ಹಿಡಿದರೂ 31 ಗಂಟೆಯ ಕೆಲಸ. ಮತ್ತೆ 31 ಬಂತು ಎಂದು ಭಾವನವರಿಗೆ ಮಾತ್ರ ಹೇಳಬೇಡಿ. ಯಾವುದೂ ಭಾಗಿಸಲಿಲ್ಲ. ಸಂಖ್ಯೆ ಅವಿಭಾಜ್ಯ ಎಂದು ತೀರ್ಮಾನವಾಯಿತು.

ಅದರ ಜೊತೆಗೇ ಇನ್ನೊಂದು ಸಿಕ್ಕಿತು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ತಾನೇ ಬರುವ ಸಂಖ್ಯೆಗೆ ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. 6 ಅಂಥದ್ದು, 28 ಅಂಥದ್ದು. 2147483647ನ್ನು 2ರ 30ನೇ ಘಾತದಿಂದ ಗುಣಿಸಿದರೆ 2305843008139952128, ಇದು ಎಂಟನೆಯ ಪರಿಪೂರ್ಣ ಸಂಖ್ಯೆ. 1811ರಲ್ಲಿ ಬಾರ್ಲೋ ಎಂಬ ಇಂಗ್ಲಿಷ್ ಗಣಿತಜ್ಞ, ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಿಕ್ಕಿಲ್ಲ, ಇವು ಕುತೂಹಲಕ್ಕೆ ಸರಿ, ಉಪಯೋಗಕ್ಕಿಲ್ಲ ಎಂದು ಬರೆದ. ಜನ ಸುಮ್ನೆ ಇರುತ್ತಾರೆಯೇ? ಫ್ರಾನ್ಸಿನ ಗಣಿತಜ್ಞ ಲ್ಯೂಕಾ 1876ರಲ್ಲಿ 127ನೇ ಘಾತದ್ದನ್ನು ಸಾಧಿಸಿದ. 2024ರಲ್ಲಿ ಸಿಕ್ಕಿದ್ದರ ಘಾತ 136279841, ಅದರಿಂದ ಬರುವ ಅವಿಭಾಜ್ಯಕ್ಕೆ ನಾಲ್ಕು ಕೋಟಿಗೂ ಮೀರಿ ಅಂಕಿಗಳು.

ಮಗಳು ಇಷ್ಟಕ್ಕೇ ನಿಲ್ಲುವ ಹಾಗೆ ಕಾಣುವುದಿಲ್ಲ. 2ಕ್ಕೆ 5ನ್ನು ಘಾತ ಮಾಡಿ ಒಂದು ಕಳೆದರೆ 31 ಬಂತು, 31ನ್ನು ಮಾಡಿದರೆ ಈ ಸಂಖ್ಯೆ ಬಂತು, ಇದನ್ನೇ ಘಾತ ಮಾಡಿದರೆ ಎಂದು ಕೇಳುತ್ತಾಳೆ. ಅಲ್ಲಿ ಅವಿಭಾಜ್ಯ ಬರುವುದಿಲ್ಲ, ಸರಪಳಿ ಕಡಿಯುತ್ತದೆ. 295257526626031 ಅದನ್ನು ಭಾಗಿಸುತ್ತದೆ. ಅವಳಿಗೆ ಅದಕ್ಕಿಂತ ಸುಲಭದ ಕೆಲಸ ಕೊಡಿ. ಕತಾಲ್ಡಿ ತಪ್ಪಿದ, 29ನೇ ಘಾತಕ್ಕೆ ಒಂದು ಕಮ್ಮಿ ಇರುವ ಸಂಖ್ಯೆ ಇದೆಯಲ್ಲ, 536870911. ಅದರ ಒಂದು ಭಾಜಕ ಹುಡುಕಲಿ. 31ರ ಜಾಗದಲ್ಲಿ 29 ಇಟ್ಟು ಇದೇ ಎರಡು ನಿಯಮ ಹಚ್ಚಿದರೆ ಕಾಗದದ ಮೇಲೆ ಹತ್ತು ನಿಮಿಷವೂ ಬೇಡ. ಉತ್ತರವನ್ನು ನಾನಿಲ್ಲಿ ಬರೆಯುವುದಿಲ್ಲ.